ಎರಡು ಕೆಂಪು ಬಟ್ಟೆಗಳ ನಡುವಿನ ಗುಮ್ಮಟ

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟಾಗ ಏಳುವ ಆವಿಗೆ ತನ್ನದೇ ಒಂದು ವಾಸನೆ ಇದೆ. ಗಂಜಿ, ಇದ್ದಿಲು, ಸಾಬೂನು, ಜೊತೆಗೆ ಇಷ್ಟೇ ಇಷ್ಟು ಸೀದ ಹತ್ತಿ. ನಾನೂ ಅಕ್ಕನೂ ಆ ವಾಸನೆಯಲ್ಲೇ ಬೆಳೆದವರು. ಅಮ್ಮ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಗೋಡೆ ಇರಲಿಲ್ಲ. ಸಾಲಾಗಿ ತೂಗುಹಾಕಿದ ಬಟ್ಟೆಗಳೇ ಗೋಡೆ. ನಾವು ಓದಿದ್ದು, ಜಗಳವಾಡಿದ್ದು, ಮಲಗಿದ್ದು ಎಲ್ಲವೂ ಯಾರ್ಯಾರದೋ ಅಂಗಿಗಳ ನೆರಳಿನಲ್ಲಿ.

ಆ ಅಂಗಡಿಗೆ ಒಮ್ಮೆ ಯಾರೋ ಒಂದು ದೊಡ್ಡ ಕೆಂಪು ಮೇಜಿನ ಹಾಸನ್ನು ಒಗೆಯಲು ಕೊಟ್ಟು ಹೋದರು. ಮತ್ತೆ ಬರಲೇ ಇಲ್ಲ. ಅಮ್ಮ ವರ್ಷಗಟ್ಟಲೆ ಅದನ್ನು ಬಿಡಿಸುವುದು, ಬಿಸಿಲಿಗೆ ಹಾಕುವುದು, ಮತ್ತೆ ಮಡಿಸಿ ಇಡುವುದು ಮಾಡಿದಳು. ಅಂಗಡಿ ಮುಚ್ಚಿದ ದಿನ ಕತ್ತರಿ ತಂದು ಅದನ್ನು ನಡುವಿಗೆ ಸೀಳಿ, ಅಂಚು ಹೊಲಿದು, ಅರ್ಧ ಅಕ್ಕನಿಗೆ, ಅರ್ಧ ನನಗೆ ಕೊಟ್ಟಳು. ಇನ್ನು ಅವರು ಕೇಳಿಕೊಂಡು ಬಂದರೆ ಎರಡು ಮನೆ ಸುತ್ತಬೇಕಾಗುತ್ತದೆ ನೋಡಿ ಎಂದಳು. ಅಮ್ಮನ ತಮಾಷೆಗೆ ನಗಬೇಕೋ ಬೇಡವೋ ಎಂದು ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ನಾವಿಬ್ಬರೂ ಮದುವೆಯಾಗಿ, ಗಂಡಂದಿರನ್ನು ಕಳೆದುಕೊಂಡು, ಕೊನೆಗಾಲಕ್ಕೆ ಈ ರಾಜಧಾನಿಯ ಒಂದೇ ದೊಡ್ಡ ರಸ್ತೆಯ ಎದುರುಬದುರು ಸಾಲಿಗೆ ಬಂದು ಸೇರಿದೆವು. ಇಬ್ಬರಿಗೂ ಮಕ್ಕಳಿಲ್ಲ. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು; ಅಕ್ಕ ಕೊನೆಯವರೆಗೂ ಹೊಲಿಗೆ ಬಿಟ್ಟವಳಲ್ಲ. ರಸ್ತೆಯ ಈ ತುದಿಯಲ್ಲಿ ಗೋಪುರವಿದೆ. ದೇಶ ನೋಡಲು ಬಂದವರು ಮೊದಲು ಹತ್ತುವುದು ಅದನ್ನೇ. ಅಲ್ಲಿಂದ ಹಳೆಯ ಅರಮನೆ, ಹುತಾತ್ಮರ ಸ್ಮಾರಕ, ನದಿಯ ಕಮಾನು ಸೇತುವೆ ಎಲ್ಲ ಕಾಣುತ್ತವಂತೆ. ಅಂತೆ ಎಂದೇ ಹೇಳಬೇಕು. ಊರಿನವರು ಯಾರೂ ಅದನ್ನು ಹತ್ತುವುದಿಲ್ಲ. ನೆಂಟರು ಬಂದರೆ ಅವರನ್ನು ಮೇಲೆ ಕಳಿಸಿ ಕೆಳಗೆ ನಿಂತು ಅವರ ಚೀಲ ಕಾಯುತ್ತೇವೆ.

ಅಕ್ಕನಿಗೆ ಕಿವಿ ಮಂದವಾಗಿತ್ತು. ಫೋನು ಮಾಡಿದರೆ ನಾನು ಕಿರುಚುವುದು, ಅವಳು ಬೇರೇನಕ್ಕೋ ಉತ್ತರ ಕೊಡುವುದು, ಇಡೀ ಕಟ್ಟಡಕ್ಕೆ ನಮ್ಮ ಮನೆವಾರ್ತೆ ಗೊತ್ತಾಗುವುದು. ಅದಕ್ಕೆ ಅವಳೇ ಒಂದು ಉಪಾಯ ಹೇಳಿದಳು. ಬೆಳಿಗ್ಗೆ ಎದ್ದವಳು ಬಾಲ್ಕನಿಯ ಹಗ್ಗಕ್ಕೆ ಕೆಂಪು ಬಟ್ಟೆ ಹಾಕಬೇಕು. ಬಟ್ಟೆ ಕಂಡರೆ ಎದ್ದಿದ್ದಾಳೆ, ಬದುಕಿದ್ದಾಳೆ ಎಂದರ್ಥ. ಕಾಣದಿದ್ದರೆ ರಸ್ತೆ ದಾಟಿ ಬರಬೇಕು. ಅಷ್ಟೇ ಒಪ್ಪಂದ. ನಾನು ಸ್ವಲ್ಪ ತಡ ಮಾಡಿದ ದಿನ ಮಾರುಕಟ್ಟೆಯಲ್ಲಿ ಸಿಕ್ಕಾಗ ಬೈಗುಳ ಕಾದಿರುತ್ತಿತ್ತು.

"ನೀನು ಸತ್ತಿದ್ದೀಯೋ ನಿದ್ದೆ ಮಾಡ್ತಿದ್ದೀಯೋ ಅಂತ ನೋಡ್ಕೊಂಡು ನಾನು ಕಾಫಿ ಆರಿಸ್ಕೊಂಡು ಕೂತಿರ್ಬೇಕೇನೆ?"

ಒಂದು ಬೆಳಿಗ್ಗೆ ಎದುರು ಬಾಲ್ಕನಿಯಲ್ಲಿ ಬಟ್ಟೆ ಇರಲಿಲ್ಲ. ನಾನು ಮನೆಯ ಚಪ್ಪಲಿಯಲ್ಲೇ ರಸ್ತೆ ದಾಟಿದೆ. ಅಕ್ಕ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು, ಎಚ್ಚರವಾಗಿದ್ದಳು. ನನ್ನನ್ನು ಕಂಡವಳೇ ತಡ ಮಾಡಿದೆ ಎಂದಳು. ಆಸ್ಪತ್ರೆಯಲ್ಲಿ ಇನ್ನೂ ಕೆಲವು ದಿನ ಇದ್ದಳು. ಆ ದಿನಗಳಲ್ಲಿ ನಾನು ಅವಳ ತಲೆ ಬಾಚಿದೆ, ಅವಳು ನನ್ನ ಬಾಚುವಿಕೆಯನ್ನು ಬೈದಳು. ಬಟ್ಟೆಯ ಒಪ್ಪಂದ ಇರದಿದ್ದರೆ ಆ ದಿನಗಳೂ ಸಿಗುತ್ತಿರಲಿಲ್ಲ.

ಆಮೇಲೆ ಅವಳ ಅರ್ಧ ನನ್ನ ಬೀರುವಿಗೆ ಬಂತು. ನನ್ನ ಅರ್ಧವನ್ನು ನಾನು ದಿನಾ ಬೆಳಿಗ್ಗೆ ಹಗ್ಗಕ್ಕೆ ಹಾಕುವುದನ್ನು ಬಿಡಲಿಲ್ಲ. ನೋಡುವವರು ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕ್ಲಿಪ್ಪು ಸಿಕ್ಕಿಸುವಾಗ ಒಂದು ಗಳಿಗೆ, ಯಾರಿಗೋ ಹಾಜರಿ ಹೇಳಿದ ಹಾಗಾಗುತ್ತಿತ್ತು.

ನಮ್ಮ ಕಟ್ಟಡದ ಉಳಿದ ಮನೆಗಳೆಲ್ಲ ಈಗ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಕೋಣೆಗಳಾಗಿವೆ. ಮೆಟ್ಟಿಲ ಮೇಲೆ ದಿನವೂ ಹೊಸ ಮುಖ, ಗಾಲಿ ಪೆಟ್ಟಿಗೆಗಳ ಗಡಗಡ. ಒಳ್ಳೆಯವರೇ. ಒಬ್ಬ ಹುಡುಗಿ ನನ್ನ ತರಕಾರಿ ಚೀಲವನ್ನು ಮೂರನೇ ಮಹಡಿಯವರೆಗೂ ಹೊತ್ತು ತಂದು, ಬಾಗಿಲ ಬಳಿ ಉರುಳಿದ ಆಲೂಗಡ್ಡೆಗಳನ್ನೆಲ್ಲ ಬಗ್ಗಿ ಆರಿಸಿಕೊಟ್ಟಳು. ಮಾರನೆಯ ದಿನ ಒಂದು ಲೋಟ ಹಣ್ಣಿನ ರಸ ಕೊಡೋಣವೆಂದು ಬಾಗಿಲು ತಟ್ಟಿದರೆ ಬೇರೆ ಯಾರೋ ಇದ್ದರು.

ಈ ಸಲ ಚಳಿ ಕಳೆದ ಮೇಲೆ ನಗರಸಭೆಯ ಹುಡುಗಿಯೊಬ್ಬಳು ಬಂದಳು. ಗೋಪುರಕ್ಕೆ ಕಾಣುವ ಬಾಲ್ಕನಿಗಳಲ್ಲಿ ಇನ್ನು ಮೇಲೆ ಯಾರೂ ಬಟ್ಟೆ ಒಣಹಾಕಬಾರದಂತೆ. ಮೇಲಿಂದ ತೆಗೆದ ಫೋಟೋಗಳಲ್ಲಿ ರಾಜಧಾನಿ ಚೆನ್ನಾಗಿ ಕಾಣಬೇಕಂತೆ. ಹೇಳಲು ಅವಳಿಗೇ ಸಂಕೋಚವಾಗುತ್ತಿತ್ತು. ನಾನು ಹಗ್ಗದಿಂದ ಬಟ್ಟೆ ತೆಗೆದಾಗ ಎದುರು ಬಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಮೂಲೆಗೆ ಮೂಲೆ ಸೇರಿಸಿ ಮಡಿಸಿದೆವು. ಅವಳ ಅಮ್ಮ ಕಲಿಸಿರಬೇಕು. ಅಷ್ಟು ನೀಟಾಗಿ ಮಡಿಸಿದಳು. ಇದೊಂದನ್ನು ಹಾಕಿಕೊಳ್ಳಬಹುದೇ ಎಂದು ಕೇಳಿದೆ. ಯಾಕೆ ಎಂದಳು. ಅಭ್ಯಾಸ ಎಂದೆ. ಸತ್ತುಹೋದ ಅಕ್ಕನಿಗೆ ಕಾಣಲಿ ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಮೇಲಿಂದ ಕಾಣಲ್ಲ ಅಂತಾದ್ರೆ ಬರೆದುಕೊಡಿ ಅಮ್ಮ, ನಿಮ್ಮನೆಗೆ ಈ ನಿಯಮ ಬೇಡ ಅಂತ ನಾನು ಹೇಳ್ತೀನಿ" ಎಂದಳು. "ಒಂದ್ಸಲ ಹತ್ತಿ ನೋಡ್ಕೊಂಡು ಬನ್ನಿ."

ಈ ಮೊಣಕಾಲಿನಲ್ಲಿ ಯಾರು ಹತ್ತುತ್ತಾರೆ ಎಂದುಕೊಂಡು ಸುಮ್ಮನಾದೆ. ಬೆಳಿಗ್ಗೆ ಎದ್ದು ಬೀರು ತೆರೆಯುವುದು, ನೆನಪಾಗಿ ಮುಚ್ಚುವುದು. ಹೀಗೆ ಕೆಲವು ದಿನ ಕಳೆಯಿತು.

ಆಮೇಲೊಂದು ದಿನ ಬಚ್ಚಲುಮನೆಯಲ್ಲಿ ಕಾಲು ಜಾರಿತು. ಮೂಳೆಗೇನೂ ಆಗಲಿಲ್ಲ, ಆದರೆ ಏಳಲು ಆಗಲಿಲ್ಲ. ನಲ್ಲಿಯ ಹನಿ ಬಕೆಟ್ಟಿಗೆ ಬೀಳುವುದನ್ನು ಕೇಳುತ್ತ ಒದ್ದೆ ನೆಲದ ಮೇಲೆ ಮಲಗಿದ್ದೆ. ಹೊರಗೆ ಮೆಟ್ಟಿಲ ಮೇಲೆ ಗಾಲಿ ಪೆಟ್ಟಿಗೆಗಳು ಇಳಿದು ಹೋದವು. ಕೂಗಿದೆ, ಗಡಗಡದಲ್ಲಿ ಯಾರಿಗೂ ಕೇಳಿಸಲಿಲ್ಲ. ಆಗ ನನಗೆ ಬಂದ ಯೋಚನೆ ಸಾವಿನದಲ್ಲ. ಇವತ್ತು ಹಗ್ಗದ ಮೇಲೆ ಬಟ್ಟೆ ಇಲ್ಲ, ಇಲ್ಲವೆಂದು ಯಾರಿಗೂ ಗೊತ್ತಾಗುವುದೂ ಇಲ್ಲ ಎಂಬುದು. ಕೊನೆಗೆ ಬಕೆಟ್ಟಿನ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ, ಅದರ ಮೇಲೆ ಕೈಯೂರಿ ಎದ್ದೆ. ಬಟ್ಟೆ ಬದಲಿಸಿಕೊಂಡು ಕುರ್ಚಿಯಲ್ಲಿ ಕುಳಿತೆ. ಗೋಪುರ ಹತ್ತುವುದೆಂದು ಅಲ್ಲೇ ನಿರ್ಧರಿಸಿದೆ. ನನ್ನ ಬಾಲ್ಕನಿ ಅಲ್ಲಿಂದ ಕಾಣದಿರಲಿ, ಆ ಬಟ್ಟೆ ನನಗೆ ವಾಪಸು ಸಿಗಲಿ. ಅಷ್ಟೇ ಬೇಕಿತ್ತು.

ಮೈಕೈ ನೋವು ಕಡಿಮೆಯಾದ ಮೇಲೆ ಹೋದೆ. ಟಿಕೆಟ್ಟಿನ ಕಿಟಕಿಯಲ್ಲಿದ್ದವಳು ನನ್ನ ಕಾಲು ನೋಡಿದಳು, ಎದ್ದು ಬಂದು, ಲಿಫ್ಟಿನ ಸಾಲಿನ ಮುಂದಿನ ಹಗ್ಗ ಬಿಚ್ಚಿ ನನ್ನನ್ನು ಒಳಗೆ ಬಿಟ್ಟಳು. ಲಿಫ್ಟು ನಿಂತ ಮೇಲೂ ಕೆಲವು ಮೆಟ್ಟಿಲುಗಳಿದ್ದವು. ಕಂಬಿ ಹಿಡಿದು ಒಂದೊಂದಾಗಿ ಹತ್ತಿದೆ.

ಮೇಲೆ ಗಾಳಿಯೋ ಗಾಳಿ. ಜನ ಬೆನ್ನು ತಿರುಗಿಸಿ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಮೂಲೆಯಲ್ಲಿ ಗಿಡ್ಡ ಕಟ್ಟೆಯ ಮೇಲೆ ಒಂದು ದೊಡ್ಡ ದುರ್ಬೀನು, ಅದರ ಪಕ್ಕದಲ್ಲಿ ಮಫ್ಲರು ಸುತ್ತಿಕೊಂಡ, ಐವತ್ತು ದಾಟಿದ ಒಬ್ಬಾತ. ಒಂದು ಸಂಸಾರಕ್ಕೆ ಹಳೆಯ ಸಂಸತ್ ಭವನದ ಗುಮ್ಮಟ ತೋರಿಸಲು ಒದ್ದಾಡುತ್ತಿದ್ದ. ಆ ಗುಮ್ಮಟದ ಚಿತ್ರ ನಾಣ್ಯದ ಮೇಲಿದೆ. ಹಾಗಾಗಿ ಎಲ್ಲರೂ ಬೆಟ್ಟದಷ್ಟು ದೊಡ್ಡದಿರಬೇಕು ಎಂದುಕೊಂಡು ಬರುತ್ತಾರೆ. ನಿಜಕ್ಕೂ ಅದು ಪುಟ್ಟದು, ಹೊಸ ಕಟ್ಟಡಗಳ ನಡುವೆ ಹೂತುಹೋಗಿದೆ. ಸಂಸಾರದ ಯಜಮಾನ ನಾಣ್ಯವನ್ನು ಬೆರಳಲ್ಲಿ ಹಿಡಿದು, ಎಲ್ಲಿದೆಯಪ್ಪಾ ನಿನ್ನ ಗುಮ್ಮಟ, ಮಾರಿಬಿಟ್ರಾ ಎಂದು ರೇಗಿಸುತ್ತಿದ್ದ.

"ಮೊದ್ಲು ಸುಲಭ ಇತ್ತು ಸಾರ್" ಎಂದ ದುರ್ಬೀನಿನವನು. "ಅಲ್ಲೊಂದು ಬಾಲ್ಕನೀಲಿ ಕೆಂಪು ಬಟ್ಟೆ ಇರ್ತಿತ್ತು. ಅದನ್ನ ಹಿಡ್ಕೊಂಡು ಒಂದು ಚೂರು ಬಲಕ್ಕೆ ತಿರುಗಿಸಿದ್ರೆ ಗುಮ್ಮಟ. ಈಗ ಅದು ಕಾಣ್ತಿಲ್ಲ."

ನಾನು ಗೋಡೆಗೆ ಒರಗಿಕೊಂಡೆ. ಸಂಸಾರದವರು ಅಂತೂ ಗುಮ್ಮಟ ನೋಡಿ, ಇಷ್ಟೇನಾ ಎಂದು ಹೊರಟುಹೋದರು. ಆಮೇಲೆ ಅವನ ಹತ್ತಿರ ಹೋಗಿ, ಯಾವ ಕೆಂಪು ಬಟ್ಟೆ ಎಂದು ಕೇಳಿದೆ.

ಕೇಳುವವರು ಸಿಕ್ಕಿದ್ದೇ ಅವನಿಗೆ ಸಾಕಾಗಿತ್ತು. ದಿನವಿಡೀ ಅಲ್ಲಿ ನೋಡಿ ಇಲ್ಲಿ ನೋಡಿ ಎನ್ನುವುದೇ ಅವನ ಕೆಲಸ. ಅವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬಟ್ಟೆ ಯಾರದೆಂದು ಗೊತ್ತಿಲ್ಲವಂತೆ. ಒಗೆದ ಬಟ್ಟೆಯಂತೂ ಅಲ್ಲ, ದಿನಾ ಅದೇ ಬಟ್ಟೆ, ಅದೇ ಜಾಗ. ಅದು ಯಾವ ದೇಶದ ಬಾವುಟ ಎಂದು ಕೇಳುವವರೂ ಇದ್ದರಂತೆ. ರಾಜಧಾನಿಯಲ್ಲವೇ, ಬಾವುಟ ಕಂಡರೆ ರಾಯಭಾರ ಕಚೇರಿ ಎಂದುಕೊಳ್ಳುತ್ತಾರೆ. ಅಜ್ಜಿಯರ ದೇಶದ್ದು ಎಂದು ಇವನು ಹೇಳುತ್ತಿದ್ದನಂತೆ. ದುರ್ಬೀನಿನಲ್ಲಿ ಬಟ್ಟೆ ಹಾಕುವ ಕೈ ಮಾತ್ರ ಒಮ್ಮೊಮ್ಮೆ ಕಂಡಿದೆ, ವಯಸ್ಸಾದ ಕೈ.

"ಮೊದ್ಲು ಎರಡಿತ್ತು ಅಮ್ಮ. ರಸ್ತೆಯ ಈ ಕಡೆ ಒಂದು, ಆ ಕಡೆ ಒಂದು. ಎರಡರ ಮಧ್ಯ ನೋಡಿ ಅಂದ್ರೆ ಸಾಕು, ಚಿಕ್ಕ ಮಕ್ಕಳೂ ಗುಮ್ಮಟ ಹುಡುಕೋರು. ಬೆಳಿಗ್ಗೆ ಯಾವಾಗ್ಲೂ ಆ ಕಡೆಯೋರೇ ಮೊದ್ಲು ಹಾಕೋದು. ಈ ಕಡೆಯೋರು ಆಮೇಲೆ. ಸ್ವಲ್ಪ ಸೋಮಾರಿ ಅನ್ಸತ್ತೆ."

ನನಗೆ ನಗು ಬಂತು, ನಗಲು ಆಗಲಿಲ್ಲ. ಅಕ್ಕ ನನಗಿಂತ ಬೇಗ ಏಳುತ್ತಿದ್ದಳು ಎಂಬುದು ಈ ಭೂಮಿಯ ಮೇಲೆ ನನ್ನೊಬ್ಬಳಿಗೇ ಗೊತ್ತಿರುವ ಸಂಗತಿ ಎಂದುಕೊಂಡಿದ್ದೆ.

ಆ ಕಡೆಯದು ಹೋಗಿ ವರ್ಷದ ಮೇಲಾಯಿತು, ಈಗ ಈ ಕಡೆಯದೂ ಇಲ್ಲ ಎಂದು ಅವನು ಮುಂದುವರಿಸಿದ. ಬಟ್ಟೆ ಒಣಹಾಕಬಾರದೆಂಬ ಆಜ್ಞೆ ಅವನ ಕಿವಿಗೆ ಬಿದ್ದಿರಲಿಲ್ಲ. ಗೋಪುರದ ಮೇಲಿರುವವರಿಗೆ ಯಾರು ಹೇಳುತ್ತಾರೆ. ಕೆಳಗಿನ ಪೊಲೀಸಿನವನಿಗೆ ತಿಳಿಸಿದರೆ, ಬಟ್ಟೆ ಕಾಣೆಯಾಗಿದೆ ಎಂದು ದೂರು ಬರೆದುಕೊಳ್ಳಲೇ ಎಂದು ಅವನು ನಕ್ಕನಂತೆ. ಆಮೇಲೆ ಒಂದು ಸಂಜೆ ಕೆಲಸ ಮುಗಿಸಿ ತಾನೇ ಆ ಬೀದಿಗೆ ಹೋದನಂತೆ. ಮೇಲಿಂದ ನೋಡಿದ ಬಾಲ್ಕನಿ ಕೆಳಗಿಂದ ಯಾವುದೆಂದು ತಿಳಿಯಲಿಲ್ಲ. ಬಾಗಿಲಲ್ಲಿ ಅಷ್ಟೊಂದು ಕರೆಗಂಟೆಗಳು, ಎಲ್ಲಕ್ಕೂ ಬಾಡಿಗೆ ಕೋಣೆಗಳ ಹೆಸರು. ಯಾವುದನ್ನು ಒತ್ತುವುದು, ಏನೆಂದು ಕೇಳುವುದು. ಸ್ವಲ್ಪ ಹೊತ್ತು ನಿಂತು ವಾಪಸು ಬಂದನಂತೆ.

"ಅದು ನಂದು" ಎಂದೆ. "ಆ ಕಡೆಯದು ನಮ್ಮಕ್ಕಂದು."

ಅವನು ನನ್ನ ಕೈಗಳನ್ನು ನೋಡಿದ. ಆಮೇಲೆ ಸೋಮಾರಿ ಎಂದದ್ದು ನೆನಪಾಗಿರಬೇಕು, ಮಫ್ಲರು ಸರಿಮಾಡಿಕೊಂಡು ದುರ್ಬೀನಿನ ಕಡೆ ತಿರುಗಿ, ಅದನ್ನು ಅಲ್ಲಾಡದಂತೆ ಹಿಡಿದು, ಬನ್ನಿ ಎಂದ.

ಕಣ್ಣಿಟ್ಟೆ. ನನ್ನ ಬಾಲ್ಕನಿ ಕೈಗೆ ಸಿಗುವಷ್ಟು ಹತ್ತಿರ ನಿಂತಿತ್ತು. ಖಾಲಿ ಹಗ್ಗ, ಅದರ ಮೇಲೆ ಮರದ ಕ್ಲಿಪ್ಪುಗಳು, ಬೆತ್ತ ಬಿಚ್ಚಿಕೊಂಡ ಕುರ್ಚಿ, ಒಳಗಿಡುವುದನ್ನು ಮರೆತ ಚೊಂಬು. ನಾನಿಲ್ಲದ ನನ್ನ ಮನೆ ಹೀಗಿರುತ್ತದೆ ಎಂದು ಮೊದಲ ಸಲ ನೋಡಿದೆ. ಅವನು ನಿಧಾನವಾಗಿ ತಿರುಗಿಸಿದ. ಪಾಚಿ ಬಣ್ಣದ ಪುಟ್ಟ ಗುಮ್ಮಟವೊಂದು ಸರಿದು ಹೋಯಿತು. ಆಮೇಲೆ ಅಕ್ಕನ ಬಾಲ್ಕನಿ. ಅಲ್ಲಿ ಗುರುತಿಲ್ಲದ ಒಬ್ಬ ಹುಡುಗ ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದ.

ಕಣ್ಣು ತೆಗೆದೆ. ಕಾಣುವುದಿಲ್ಲವೆಂದು ಬರೆದುಕೊಡಲು ಬಂದವಳು ನಾನು, ಈಗ ಹಾಗೆ ಬರೆಯುವಂತಿಲ್ಲವಲ್ಲ ಎಂದು ಎಲ್ಲ ವಿಷಯ ಹೇಳಿದೆ. ಬಚ್ಚಲುಮನೆಯದ್ದನ್ನೂ ಹೇಳಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಅವನು ಯೋಚಿಸಿದ. "ಒಳಗಡೆ ಕಿಟಕಿಗೆ ಕಟ್ಟಿ ಅಮ್ಮ. ಪರದೆಗೆ ಯಾರೂ ಬೇಡ ಅನ್ನಲ್ಲ. ರಾತ್ರಿ ಸರಿಸಿಡಿ, ಬೆಳಿಗ್ಗೆ ಎಳೀರಿ. ನಾನು ಬಂದು ದುರ್ಬೀನಿನ ಗಾಜು ಒರೆಸಿದ ತಕ್ಷಣ ಮೊದ್ಲು ನೋಡೋದು ಅದನ್ನೇ. ಕಾಣ್ಲಿಲ್ಲ ಅಂದ್ರೆ ಇಳಿದು ಬರ್ತೀನಿ."

"ಮೂರನೇ ಮಹಡಿ, ಎಡಗಡೆ" ಎಂದೆ. "ಗಂಟೆ ಕೆಟ್ಟಿದೆ. ಬಾಗಿಲು ತಟ್ಟಬೇಕು."

ಮೂರನೇ ಮಹಡಿ, ಎಡಗಡೆ ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ.

ಊಟದ ಹೊತ್ತಾಗಿತ್ತು. ಜನ ಇಳಿದು ಹೋಗಿದ್ದರು. ಅವನು ದುರ್ಬೀನಿನ ಬಾಯಿಗೆ ಮುಚ್ಚಳ ಹಾಕಿ, ತನ್ನ ಕುರ್ಚಿಯನ್ನು ಗಾಳಿ ಬೀಸದ ಮೂಲೆಗೆ ಎಳೆದು ನನಗೆ ಬಿಟ್ಟು, ತಾನು ಕಟ್ಟೆಯ ಅಂಚಿನಲ್ಲಿ ಕುಳಿತ. ಚೀಲದಿಂದ ಡಬ್ಬಿ ತೆಗೆದು ಬಿಚ್ಚಿದ. ಅನ್ನದಿಂದ ಸಣ್ಣಗೆ ಆವಿ ಎದ್ದು ಗಾಳಿಗೆ ಹೋಯಿತು. ಅವನು ಡಬ್ಬಿಯ ಮುಚ್ಚಳವನ್ನು ಕರವಸ್ತ್ರದಿಂದ ಎರಡು ಸಲ ಒರೆಸಿ, ಅನ್ನವನ್ನು ನಡುವಿಗೆ ಗೆರೆ ಎಳೆದು ಭಾಗ ಮಾಡಿ, ಒಂದು ಭಾಗವನ್ನು ಮುಚ್ಚಳಕ್ಕೆ ಹಾಕಿದ. ಇದ್ದ ಒಂದೇ ಚಮಚವನ್ನು ಅದರ ಮೇಲಿಟ್ಟ. ನನ್ನ ಕೈಗೆ ಕೊಟ್ಟ.