ದಿಂಬಿನಡಿಯ ಬ್ರೆಡ್ಡು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ವಾರ್ಡಿನ ಕಿಟಕಿಯಾಚೆಯ ಲೋಕವನ್ನು ದೇವರು ಇನ್ನೂ ಹಾಸಿಗೆಯಿಂದ ಎಬ್ಬಿಸಿರಲಿಲ್ಲ. ಒಳಗೆ ಅಕ್ಕತಂಗಿ ಅಕ್ಕಪಕ್ಕದ ಮಂಚಗಳಲ್ಲಿ ಕೂತಿದ್ದರು. ಇಬ್ಬರಿಗೂ ಮುಟ್ಟು ನಿಂತು ವರ್ಷಗಳಾಗಿದ್ದವು. ತಂಗಿ ಶಾಲೆಯೊಂದರ ಅಡುಗೆಯವಳು. ಹಾರ್ಮೋನ್ ಮಾತ್ರೆ ನುಂಗಿದರೂ ಒಂದು ದಿನ ಹಿತ, ಮರುದಿನ ಮೈಯೆಲ್ಲ ಕಾದ ಬಾಣಲೆ. ಮಾತ್ರೆ ರಕ್ತಕ್ಕೆ ಚೆನ್ನಾಗಿ ಸೇರುವುದು ಉಂಡ ಮೇಲೋ, ಖಾಲಿ ಹೊಟ್ಟೆಯಲ್ಲೋ? ಅದನ್ನು ತಿಳಿಯುವ ಪ್ರಯೋಗವಿದೆಯೆಂದು ಕೇಳಿ ಅಕ್ಕನನ್ನೂ ಎಳೆದುಕೊಂಡು ಬಂದವಳು ಅವಳೇ.

ಚೀಟಿ ಎತ್ತಿದಾಗ ತಂಗಿಗೆ ತಿಂಡಿ ಬಂತು, ಅಕ್ಕನಿಗೆ ಉಪವಾಸ. ಬೆಣ್ಣೆ ಬಳಿದ ಬ್ರೆಡ್ಡು, ಮೊಟ್ಟೆ, ಕೆನೆಹಾಲು. ಅರ್ಧ ಗಂಟೆಯಲ್ಲಿ ಚೂರೂ ಬಿಡದೆ ಮುಗಿಸಿ ಮಾತ್ರೆ ನುಂಗಬೇಕು. ಅಕ್ಕನಿಗೋ, ಮಾತ್ರೆ ನುಂಗಿ ನಾಲ್ಕು ಗಂಟೆ ಕಳೆಯುವವರೆಗೆ ಏನೂ ಇಲ್ಲ.

"ತಿನ್ನೇ. ನನ್ನ ಮುಖ ಏನು ಉಪ್ಪಿನಕಾಯಿಯಾ, ನೆಂಚಿಕೊಳ್ಳೋಕೆ?"

"ನಿನ್ನ ಹೊಟ್ಟೆ ನಿನಗಿಂತ ಜೋರಾಗಿ ಮಾತಾಡ್ತಿದೆ ಕಣಕ್ಕ."

ಮೂವತ್ತು ವರ್ಷ ಶಾಲೆಯ ಮಕ್ಕಳೆಲ್ಲ ಉಂಡ ಮೇಲೆ ಉಂಡವಳು ತಂಗಿ. ಹಸಿದವರೆದುರು ತುತ್ತು ಗಂಟಲಿಗಿಳಿಯಲಿಲ್ಲ. ನರ್ಸಮ್ಮ ಬೆನ್ನು ತಿರುಗಿಸಿದಾಗ ಎರಡು ತುಂಡು ಬ್ರೆಡ್ಡನ್ನು ಕರವಸ್ತ್ರದಲ್ಲಿ ಸುತ್ತಿ ಅಕ್ಕನ ದಿಂಬಿನಡಿಗೆ ಸೇರಿಸಿದಳು. ಉಪವಾಸ ಮುಗಿದೊಡನೆ ತಿನ್ನಲಿ ಎಂದಷ್ಟೇ ಅವಳ ಎಣಿಕೆ. ಅಕ್ಕ ಕಣ್ಣರಳಿಸಿದಳು. ಬರಿದಾದ ತಟ್ಟೆ ನೋಡಿ ನರ್ಸಮ್ಮ 'ಪೂರ್ತಿ ತಿಂದಿದ್ದಾರೆ' ಎಂದು ಬರೆದುಕೊಂಡಳು. ಇಬ್ಬರೂ ಮಾತ್ರೆ ನುಂಗಿದರು.

ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಿದ್ದರು. ಮೂರನೆಯ ಸಲ ಅಕ್ಕನ ತೋಳಿಗೆ ಬಗ್ಗಿದ ನರ್ಸಮ್ಮ ಹಾಗೇ ನಿಂತಳು. ದಿಂಬಿನ ಅಂಚಿಗೆ ಬೆಣ್ಣೆಯ ಕಲೆ; ಹಾಸಿಗೆಯ ಮೇಲೊಂದು ಬ್ರೆಡ್ಡಿನ ಚೂರು.

"ಏನಮ್ಮ ಇದು? ತಿಂದ್ರಾ?"

"ಇಲ್ಲಮ್ಮ, ದೇವರಾಣೆ."

"ಮತ್ತೆ ಬ್ರೆಡ್ಡು ತಾನೇ ನಡ್ಕೊಂಡು ಬಂತಾ? ನೀವು ತಿಂದಿದ್ರೆ ಈ ರಕ್ತ ಸುಳ್ಳು ಹೇಳುತ್ತೆ. ಇದನ್ನ ನಂಬಿ ನಾಳೆ ಎಷ್ಟೋ ಹೆಂಗಸರಿಗೆ ಮಾತ್ರೆ ಬರೆದು ಕೊಡ್ತಾರೆ."

ಅಕ್ಕ ಗೋಡೆ ನೋಡಿದಳು. ಬಾಯಿ ಬಿಟ್ಟರೆ ತಂಗಿ ಸಿಕ್ಕಿಬೀಳುತ್ತಾಳೆ.

"ಹಾಗಾದ್ರೆ ಪಟ್ಟಿಯಿಂದ ನಿಮ್ಮ ಹೆಸರು ಹೊಡೆದುಹಾಕಬೇಕಾಗುತ್ತೆ." ನರ್ಸಮ್ಮ ಪೆನ್ನು ತೆಗೆದಳು.

ತಂಗಿ ಆ ಪೆನ್ನನ್ನೇ ನೋಡಿದಳು. ಸುಮ್ಮನಿದ್ದರೆ ಅಕ್ಕನ ಹಸಿವು ನೀರಲ್ಲಿ ಹೋಮ. ತಾನು ತಿನ್ನದ ತಿಂಡಿ ಕಾಗದದಲ್ಲಿ ತಿಂದಂತೆಯೇ ಉಳಿಯುತ್ತದೆ. ತನ್ನಂಥವಳೊಬ್ಬಳು ಎಲ್ಲೋ ಅದನ್ನು ನಂಬಿ ಬೇಯುತ್ತಾಳೆ. ಹೇಳಿದರೆ ಹೋಗುವುದು ತನ್ನ ಹೆಸರು, ವರ್ಷಗಟ್ಟಲೆ ಕಾದ ಉತ್ತರ.

ಅನ್ನದ ಮೇಲೆ ಸುಳ್ಳು ಬೇಡಪ್ಪ ತಂದೆ, ಎಂದುಕೊಂಡಳು.

ಸೂಜಿ ಚುಚ್ಚಿದ ಕೈಯನ್ನು ಎದೆಗೊತ್ತಿಕೊಂಡು ಮಂಚದಿಂದ ಇಳಿದು ಬಂದು, ದಿಂಬಿನಡಿಯಿಂದ ಕರವಸ್ತ್ರ ತೆಗೆದು ಬಿಚ್ಚಿದಳು. ಎರಡೂ ತುಂಡು ಹಾಗೇ ಇದ್ದವು. ಒಂದರ ಮೂಲೆ ಮಾತ್ರ ಜಜ್ಜಿಹೋಗಿತ್ತು.

"ಅಕ್ಕ ಮುಟ್ಟಿಲ್ಲ. ಇದು ನನ್ನ ಹೊಟ್ಟೆ ಸೇರಬೇಕಾಗಿದ್ದು," ಎಂದು ಮೆಲ್ಲಗೆ ನರ್ಸಮ್ಮನ ಕೈಗಿಟ್ಟಳು.