ಸಾಲೆವ್ವನ ಮಠ

ಸತ್ತ ತಾಯಿಯ ಬಲಗೈಯನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಿದ್ದ ಈವ್ಲಿನ್, ಮಣಿಕಟ್ಟಿನ ಒಳಭಾಗಕ್ಕೆ ಬಂದಾಗ ಕೈ ನಿಲ್ಲಿಸಿದಳು. ಅಲ್ಲಿ ಸುಟ್ಟ ಗಾಯದ ಗುರುತುಗಳಿದ್ದವು. ಹಳೆಯವು, ಮಾಗಿ ಚರ್ಮದೊಳಗೆ ಸೇರಿಹೋಗಿ, ಉಗುರಿನಿಂದ ಗೀರಿದ ಹಾಗೆ ಕಾಣುತ್ತಿದ್ದವು. ಇಷ್ಟು ವರ್ಷ ಈ ಕೈ ಬಳೆಯ ಕೆಳಗೆ, ಉದ್ದ ತೋಳಿನ ಕುಪ್ಪಸದ ಕೆಳಗೆ ಇತ್ತು.

"ಚಿಕ್ಕವ್ವ, ಇವೇನು?"

ಮಂಚದ ಆ ಬದಿಗೆ ಕೂತು ಅಕ್ಕನ ತಲೆ ಬಾಚುತ್ತಿದ್ದ ರೂತ್ ಬಗ್ಗಿ ನೋಡಲೂ ಇಲ್ಲ. "ಒಲಿ ಮುಂದ ಕುಂತ ಕೈಯವ್ವಾ. ಯಾರಿಗಿಲ್ಲ ಅವು?"

"ಎಲ್ಲಾ ಒಂದ ನಮೂನಿ ಅದಾವ. ಪಟ್ಟಿ ಹಿಡದು ಗೆರಿ ಹೊಡದಂಗ."

"ನೀರು ಆರಾಕತ್ತಾವ. ಲಗೂ ಒರಸು."

ಹೊರಗೆ ಅಂಗಳದಲ್ಲಿ ಶಾಮಿಯಾನ ಕಟ್ಟುವವರ ಸದ್ದು ಕೇಳುತ್ತಿತ್ತು. ತಮ್ಮ ನೋಯೆಲ್ ಬಾಗಿಲಲ್ಲಿ ನಿಂತು ಕೆಮ್ಮಿದ. ತಾರಿಹಾಳದಲ್ಲಿ ಅವನದೊಂದು ಲೇಥ್ ವರ್ಕ್‌ಶಾಪ್ ಇದೆ. ಎಣ್ಣೆಯ ಕರೆ ಎಷ್ಟು ತೊಳೆದರೂ ಹೋಗದ ಅವನ ಬೆರಳುಗಳಲ್ಲಿ ಒಂದು ಹಾಳೆ ಇತ್ತು. ಚರ್ಚಿನಲ್ಲಿ ಓದಬೇಕಾದ ತಾಯಿಯ ಜೀವನ ವೃತ್ತಾಂತ.

"ಪಾಸ್ಟರ್ ಕೇಳಾಕತ್ತಾರ. ನೀನ ಓದಾಕಿ, ಒಮ್ಮಿ ನೋಡಿಬಿಡು," ಎಂದ. "ಧಾರವಾಡದ ಕೆಲಗೇರಿಯಲ್ಲಿ ಶಿಕ್ಷಕಿಯಾಗಿ ಸೇವೆ ಸಲ್ಲಿಸಿದರು ಅಂತ ಬರದೇನಿ. ಎಷ್ಟನೇ ಇಯತ್ತೆಗೆ ಕಲಸ್ತಿದ್ಲು ಅವ್ವ? ಅದಕ್ಕ ಜಾಗಾ ಬಿಟ್ಟೇನಿ."

ಈವ್ಲಿನ್ ಬಟ್ಟೆ ಕೆಳಗಿಟ್ಟು ಹಾಳೆಯಲ್ಲಿ ಬಿಟ್ಟ ಜಾಗ ನೋಡಿದಳು.  ತಾನೂ ಹೈಸ್ಕೂಲಿನಲ್ಲಿ ಕಲಿಸುವವಳು. ತಾಯಿಯ ಹಾಗೆ ಟೀಚರ್ ಆದಳು ಎಂದು ಚರ್ಚಿನ ಸಭೆಯವರೆಲ್ಲ ಹೊಗಳುತ್ತಿದ್ದರು. ಆದರೆ ತಾಯಿ ಯಾವ ತರಗತಿಗೆ, ಯಾವ ವಿಷಯ ಕಲಿಸುತ್ತಿದ್ದಳು ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ ಎಂಬುದು ಈಗ ಹೊಳೆಯಿತು. ಅವಳು ಚಿಕ್ಕವ್ವನ ಕಡೆ ತಿರುಗಿದಳು. ರೂತ್ ಬಾಚಣಿಗೆಯಲ್ಲಿ ಸಿಕ್ಕ ಬಿಳಿ ಕೂದಲನ್ನು ಬಿಡಿಸುವುದರಲ್ಲೇ ಮುಳುಗಿದ್ದಳು.

"ಅಕ್ಕಾ," ನೋಯೆಲ್ ಹೊರಗೆ ಇಣುಕಿ ಹೇಳಿದ, "ಕೆಲಗೇರಿ ಮಠದಿಂದ ಸಿಸ್ಟರ್‌ಗೋಳು ಬಂದ್ರು. ಅವರನ್ನ ಕೇಳಿದ್ರ ಆತು."

ಬಂದವರಲ್ಲಿ ಹಿರಿಯಳು ಸಿಸ್ಟರ್ ಪ್ಲಾಸಿಡಾ, ಮಂಗಳೂರಿನ ಕಡೆಯವಳು. ಕರಿ ಮುಸುಕಿನ ಕೆಳಗೆ ಸಣ್ಣ ಮುಖ, ದಪ್ಪ ಕನ್ನಡಕ. ಸತ್ತ ಸೆಲಿನಾಳ ಹಣೆ ಮುಟ್ಟಿ ಶಿಲುಬೆಯ ಗುರುತು ಮಾಡಿದಳು. ಆಮೇಲೆ ಈವ್ಲಿನ್ ಮೆಲ್ಲಗೆ ಕೇಳಿದಳು.

"ಸಿಸ್ಟರ್, ನಮ್ಮವ್ವ ನಿಮ್ಮಲ್ಲೆ ಎಷ್ಟನೇ ಇಯತ್ತೆಗೆ ಕಲಸ್ತಿದ್ರು?"

ಸಿಸ್ಟರ್ ಪ್ಲಾಸಿಡಾ ಕನ್ನಡಕ ತೆಗೆದು ಅವಳನ್ನೇ ನೋಡಿದಳು. "ನಮ್ಮಲ್ಲಿ ಶಾಲೆಯೇ ಇಲ್ಲವಲ್ಲ, ಮಗಳೇ. ಯಾವಾಗಲೂ ಇರಲಿಲ್ಲ. ನಾವು ಪ್ರಾರ್ಥನೆಯಲ್ಲಿರುವವರು. ಸೆಲಿನಮ್ಮ ರೊಟ್ಟಿ ಸುಡುತ್ತಿದ್ದರು. ಪೂಜೆಯ ಪರಮಪ್ರಸಾದಕ್ಕೆ ದುಂಡಗೆ ಕತ್ತರಿಸಿ ಕೊಡುವ ತೆಳು ರೊಟ್ಟಿ."

*

ಕೆಲಗೇರಿಯ ಕೆರೆ ದಾಟಿ ಸ್ವಲ್ಪ ಮುಂದೆ, ಎತ್ತರದ ಗೋಡೆಯ ನಡುವೆ ಒಂದು ಹಸಿರು ಗೇಟು. ಮೇಲೆ ಕಮಾನಿನಲ್ಲಿ 'ಸಂತ ಸ್ಕೊಲಾಸ್ಟಿಕಾ ಮಠ' ಎಂಬ ಬೋರ್ಡು. ಆ ಹೆಸರು ಊರಿನವರ ನಾಲಿಗೆಗೆ ಒಗ್ಗಲಿಲ್ಲ. ಆದರೆ ಅದರಲ್ಲಿ 'ಸ್ಕೂಲ' ಇದ್ದದ್ದು ಎಲ್ಲರಿಗೂ ಕೇಳಿಸಿತು. ಸ್ಕೂಲ ಅಂದರೆ ಸಾಲಿ; ಸಂತಳು ಅಂದ ಮೇಲೆ ಅವ್ವ. ಹೀಗೆ ಅದು ಸಾಲೆವ್ವನ ಮಠವಾಯಿತು. ಬಸ್ಸಿನ ಕಂಡಕ್ಟರು ಹಾಗೇ ಕೂಗಿದ, ಅಂಚೆಯವನು ಹಾಗೇ ಗುರುತು ಹೇಳಿದ.

ಗಂಡ ಐಸಾಕ ತೀರಿಕೊಂಡ ವರ್ಷ ಸೆಲಿನಾಳಿಗೆ ಅಲ್ಲಿ ಕೆಲಸ ಸಿಕ್ಕಿತು. ಹುಬ್ಬಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದಳು. ಚರ್ಚಿನ ಮೆಟ್ಟಿಲ ಮೇಲೆ ಯಾರೋ ಕೇಳಿದರು, ಎಲ್ಲಿ ಕೆಲಸ ಎಂದು. "ಕೆಲಗೇರಿ ಸಾಲೆವ್ವನ ಮಠದಾಗ್ರಿ." ಕ್ಯಾಥೊಲಿಕರ ಆ ಮಠದೊಳಗೆ ಎಂದೂ ಕಾಲಿಡದ ಅವರಿಗೆ 'ಸಾಲಿ' ಎಂಬುದಷ್ಟೇ ಕೇಳಿಸಿತು. ಮುಂದಿನ ಭಾನುವಾರ ಪಾಸ್ಟರ್ ಅವಳನ್ನು ಸೆಲಿನಾ ಟೀಚರ್ ಎಂದು ಕರೆದರು. ಸೆಲಿನಾ ಸೆರಗು ಸರಿಮಾಡಿಕೊಂಡು ಕೂತಳು, ಅಷ್ಟೆ.

ಚರ್ಚಿನ ಸಂಡೇ ಸ್ಕೂಲಿನಲ್ಲಿ ಕಲಿಸಿರೆಂದರೆ ಮಾತ್ರ ಒಪ್ಪಲಿಲ್ಲ. "ಆರು ದಿನಕ್ಕ ಸಾಕಾಗಿರ್ತೈತ್ರಿ," ಎನ್ನುತ್ತಿದ್ದಳು.

ಶನಿವಾರ ಸಂಜೆ ಅವಳ ಚೀಲದಿಂದ ಒಂದು ಪೊಟ್ಟಣ ಬರುತ್ತಿತ್ತು. ಕಾಗದದಷ್ಟು ತೆಳ್ಳಗಿನ, ಗರಿಗರಿ ಬಿಳಿ ಹಾಳೆಗಳು. ಮೈತುಂಬ ದುಂಡು ತೂತುಗಳು. ಉಪ್ಪಿಲ್ಲ, ಸಿಹಿಯಿಲ್ಲ. ಈವ್ಲಿನ್ ಮತ್ತು ನೋಯೆಲ್ ತೂತುಗಳಲ್ಲಿ ಬೆರಳು ತೂರಿಸಿ, ಉಂಗುರ ಎಂದು ಆಡಿ, ಆಮೇಲೆ ತಿನ್ನುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಸಾಲಿ ಬಿಸ್ಕೀಟು.

ಈವ್ಲಿನ್ ಸಣ್ಣವಳಿದ್ದಾಗ ಒಮ್ಮೆ ಹಟ ಹಿಡಿದು ತಾಯಿಯ ಸಂಗಡ ಹೋಗಿದ್ದಳು. ಗೇಟಿನ ಒಳಗೆ ಕ್ರೋಟನ್ ಗಿಡಗಳಿದ್ದವು, ಗುಡಿಸಿದ ಅಂಗಳವಿತ್ತು, ಮಕ್ಕಳ ಸುಳಿವಿರಲಿಲ್ಲ. "ಇವತ್ತ ಸೂಟಿ," ಎಂದಿದ್ದಳು ತಾಯಿ. ಅಷ್ಟರಲ್ಲಿ ಹೊರಗೆ ಒಬ್ಬ ಹೆಂಗಸು ಮಗಳ ಕೈ ಹಿಡಿದು ನಿಂತಿದ್ದಳು. ಮಗುವಿನ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿತ್ತು.

"ಇದ ಸಾಲ್ಯೇನ್ರಿ? ಹೆಸರು ಹಚ್ಚಬೇಕಾಗಿತ್ತು."

ತಾಯಿ ಒಮ್ಮೆ ಈವ್ಲಿನ್‌ಳನ್ನು ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು. "ಬರ್ರಿ, ತೋರಸ್ತೇನಿ."

ಎಲ್ಲರೂ ಕೆರೆಯ ಏರಿಯ ಮೇಲೆ ನಡೆದರು. ಊರೊಳಗೆ ಹಂಚಿನ ಮಾಡಿನ ಸರ್ಕಾರಿ ಸಾಲಿ. ತಾಯಿ ಒಳಗೆ ಹೋದಳು. ಈವ್ಲಿನ್ ಬೇವಿನ ಕೆಳಗೆ ಕೂತು ಪೇರಲಹಣ್ಣು ತಿಂದಳು. ಬಸ್ಸಿನಲ್ಲಿ ಹಿಂದಿರುಗುವಾಗ ಕೇಳಿದಳು, "ಅದ ನಿನ್ನ ಸಾಲ್ಯೇನವ್ವಾ?"

ಸೆಲಿನಾ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, "ಅದೂ ಸಾಲೀನ."

*

"ನಿಮಗ ಗೊತ್ತಿತ್ತು," ಈವ್ಲಿನ್ ಅಡುಗೆಮನೆಯಲ್ಲಿ ಚಿಕ್ಕವ್ವನನ್ನು ನಿಲ್ಲಿಸಿ ಕೇಳಿದಳು.

"ಗೊತ್ತಿತ್ತು."

"ಮತ್ತ ಸುಳ್ಳ ಯಾಕ ಹೇಳಿದ್ಲು?"

ರೂತ್ ಚಹಾದ ಲೋಟ ಕೆಳಗಿಟ್ಟಳು. "ನಿಮ್ಮವ್ವ ಸುಳ್ಳ ಹೇಳ್ಲಿಲ್ಲ. ಮಂದಿ ಕರದ್ರು, ಆಕಿ ಓ ಅಂದ್ಲು. ಏಳನೇದ್ದು ಮುಗಿಯೂದ್ರೊಳಗ ನಮ್ಮಪ್ಪ ಆಕಿನ್ನ ಬಿಡಿಸಿದ. ಪಾಟಿಚೀಲ ಹಿಡಕೊಂಡು ಬಾಗಲದಾಗ ಕುಂತ ಬಿಟ್ಟಿದ್ಲು, ಉಣ್ಣಾಕೂ ಏಳ್ಲಿಲ್ಲ. ಅಂಥಾಕಿನ್ನ ಯಾರೋ ಟೀಚರ್ ಅಂದ್ರ, ಅಲ್ಲರಿ ಅಂತ ಹ್ಯಾಂಗ ಅಂದಾಳು? ಮೊದಲನೇ ದಿನ ಅನ್ನಬೇಕಿತ್ತು. ಆಮ್ಯಾಲ ಆಗೂದಿಲ್ಲ."

ನೋಯೆಲ್ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದ. "ಹಾಳಿ ಇದ್ದಂಗ ಇರ್ಲಿ, ಅಕ್ಕಾ. ಇಷ್ಟ ವರ್ಷ ಟೀಚರ್ ಅಂದವರ ಮುಂದ, ಪೆಟಿಗಿ ಇಟ್ಟಕೊಂಡು, ಟೀಚರ್ ಇರ್ಲಿಲ್ಲ ಅನ್ನೂದೇನು? ಮಂದಿ ನಕ್ಕಾರು."

"ನಗ್ತಾರೋ ಬಿಡ್ತಾರೋ. ನನಗ ಆಕಿ ಏನ ಮಾಡ್ತಿದ್ಲು ಅಂತ ತಿಳೀಬೇಕಾಗೇತಿ."

"ತಿಳೀತಲ್ಲ. ರೊಟ್ಟಿ ಸುಡ್ತಿದ್ಲು."

ಈವ್ಲಿನ್‌ಗೆ ಸಿಟ್ಟು ಬರಬೇಕಾಗಿತ್ತು. ಟೀಚರ್ ಕೆಲಸದ ಸಂದರ್ಶನದಲ್ಲಿ ಅವಳು ಮೊದಲು ಹೇಳಿದ್ದೇ, ನನ್ನ ತಾಯಿ ಶಿಕ್ಷಕಿ ಎಂದು. ಆದರೆ ಸಿಟ್ಟು ಬರಲಿಲ್ಲ. ತಿಂದು ಬೆಳೆದ ಬಿಸ್ಕೀಟಿನ ತೂತುಗಳಲ್ಲಿ ಏನಿತ್ತು ಎಂದು ಈ ವಯಸ್ಸಿನಲ್ಲಿ ತಿಳಿದ ಬೆರಗು ಮಾತ್ರ ಇತ್ತು. ತಾಯಿ ಎಂದು ತಾನು ಕರೆಯುತ್ತಿದ್ದವಳ ಒಳಗೆ ಇನ್ನೊಬ್ಬಳು ದಿನವೂ ಬಸ್ಸು ಹತ್ತಿ ಹೋಗುತ್ತಿದ್ದಳು. ಅವಳು ಯಾರು?

*

ಚರ್ಚು ತುಂಬಿತ್ತು. ಹಿಂದಿನ ಸಾಲುಗಳಲ್ಲಿ ಈವ್ಲಿನ್‌ಗೆ ಗುರುತಿಲ್ಲದ ಜನ ಕೂತಿದ್ದರು. ಕೆಲಗೇರಿಯಿಂದ ಟೆಂಪೋ ಮಾಡಿಕೊಂಡು ಬಂದವರಂತೆ. ಹಣೆಯ ಮೇಲೆ ವಿಭೂತಿ, ಕುಂಕುಮ. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ. ಎದ್ದು ನಿಲ್ಲಬೇಕಾದಾಗ ಪಕ್ಕದವರನ್ನು ನೋಡಿ ನಿಲ್ಲುತ್ತಿದ್ದರು.

ಕೀರ್ತನೆ ಮುಗಿದ ಮೇಲೆ ಈವ್ಲಿನ್ ಹಾಳೆ ಹಿಡಿದು ನಿಂತಳು. ಹುಟ್ಟು, ಮದುವೆ, ಮಕ್ಕಳು ಓದಿದಳು. ಆಮೇಲೆ ಹಾಳೆಯಿಂದ ಕಣ್ಣೆತ್ತಿದಳು.

"ನಮ್ಮ ತಾಯಿ ಕೆಲಗೇರಿಯ ಸಂತ ಸ್ಕೊಲಾಸ್ಟಿಕಾ ಮಠದಲ್ಲಿ ರೊಟ್ಟಿ ಸುಡುವ ಕೆಲಸ ಮಾಡಿದರು. ಅಲ್ಲಿ ಶಾಲೆ ಇಲ್ಲ. ಅವರು ಟೀಚರ್ ಆಗಿರಲಿಲ್ಲ. ಇದು ನನಗೆ ಇವತ್ತು ಬೆಳಿಗ್ಗೆ ತಿಳಿಯಿತು."

ಬೆಂಚುಗಳಲ್ಲಿ ಸೀರೆಗಳ ಸರಸರ. ಮುಂದಿನ ಸಾಲಿನಲ್ಲಿ ಯಾರೋ ಯಾರ ಕಡೆಗೋ ಬಾಗಿ ಏನೋ ಅಂದರು. ನೋಯೆಲ್ ತಲೆ ತಗ್ಗಿಸಿದ. ಈವ್ಲಿನ್ ಉಳಿದದ್ದನ್ನು ಓದಿ ಕೂತಳು. 

ಶವಪೆಟ್ಟಿಗೆ ಎತ್ತುವ ಹೊತ್ತಿಗೆ ಜೂನ್ ತಿಂಗಳ ಮಳೆ ಒಮ್ಮೆಲೇ ಸುರಿಯಿತು. ಬಾಗಿಲ ಹೊರಗೆ ಎದುರಿನ ಕಟ್ಟಡವೂ ಕಾಣದಂಥ ಮಳೆ. ಸ್ವಲ್ಪ ತಡೆಯೋಣವೆಂದರು ಪಾಸ್ಟರ್. ಜನ ಮತ್ತೆ ಕೂತರು.

ಹಿಂದಿನಿಂದ ಖಾಕಿ ಪ್ಯಾಂಟಿನ ಒಬ್ಬ ಗಟ್ಟಿ ಆಳು ಈವ್ಲಿನ್ ಹತ್ತಿರ ಬಂದ. "ನಾನು ದುರ್ಗೇಶ್ರಿ. ಬಸ್ ಡ್ರೈವರ್ ಅದೇನಿ. ಈಕಿ ನಮ್ಮವ್ವ, ಫಕೀರವ್ವ," ಎಂದು ಬೆನ್ನ ಹಿಂದಿದ್ದ ಮುದುಕಿಯನ್ನು ತೋರಿಸಿದ. "ಅಕ್ಕಾರ, ನೀವು ಓದಿದ್ದು ಅರ್ಧಾ ಖರೇ."

"ಇನ್ನರ್ಧ ಹೇಳ್ರಿ."

"ನಮ್ಮವ್ವ ನನ್ನ ಕರಕೊಂಡು ಸಾಲೆವ್ವನ ಮಠಕ್ಕ ಹೋಗಿದ್ಲು. ಸಾಲಿ ಅಂತ ತಿಳದು. ನಿಮ್ಮವ್ವಾರು ಗೇಟ್ ತಗದ್ರು. ಇಲ್ಲೆ ಸಾಲಿ ಇಲ್ಲ ಅನ್ನಲಿಲ್ಲ. ಕೈ ಹಿಡಕೊಂಡು ಸರ್ಕಾರಿ ಸಾಲಿಗೆ ಒಯ್ದ್ರು. ಹೆಡ್ ಮಾಸ್ತರು ಹುಟ್ಟಿದ ದಾಖಲೆ ಇಲ್ದ ತಗೊಳ್ಳಾಂಗಿಲ್ಲ ಅಂದ್ರು. ಇವರು ಅಲ್ಲೇ ಹೊಸ್ತಲಾ ಮ್ಯಾಲ ಕುಂತ್ರು."

ಫಕೀರವ್ವ ಮಾತು ಕಸಿದುಕೊಂಡಳು. "ಮುಂದಿನ ಎರಡ ಹಲ್ಲ ಬಿದ್ದಿದ್ದುವು ಇವಗ. ಬಾಯಿ ತಗಿಯೋ ಅಂದ್ಲು. ಮಾಸ್ತರಿಗೆ ತೋರಿಸಿ, ಹಲ್ಲ ನೋಡಿ ವಯಸ್ಸು ಬರಕೋರಿ ಅಂದ್ಲು. ಮಾಸ್ತರು ನಕ್ಕು ಬರಕೊಂಡ್ರು."

ಹಿಂದಿನ ಸಾಲಿನಿಂದ ಇನ್ನಿಬ್ಬರು ಎದ್ದು ಬಂದರು. ಹೊಳೆವ್ವ ಎಂಬಾಕೆ, ತನ್ನ ಮೂವರು ಮಕ್ಕಳನ್ನೂ ಸೆಲಿನಾ ಹಾಗೇ ಸಾಲಿಗೆ ಸೇರಿಸಿದ್ದು ಹೇಳಿದಳು. ಅವಳ ಮೊಮ್ಮಗಳು ಸೃಷ್ಟಿ ಈಗ ಕಾಲೇಜಿಗೆ ಹೋಗುತ್ತಾಳೆ. ಅವಳನ್ನೂ ಸೆಲಿನಾಳೇ ಕೈಹಿಡಿದು ನಡೆಸಿದ್ದು. ಮುಂದಿನ ಬೆಂಚುಗಳಲ್ಲಿದ್ದ ಸಭೆಯವರು ಒಬ್ಬೊಬ್ಬರಾಗಿ ಹಿಂದೆ ತಿರುಗಿ ಕೂತರು.

"ನಾವು ಸೆಲಿನಮ್ಮನಿಗೆ ಎಷ್ಟು ಬೈದಿದ್ದೇವೆ," ಪಕ್ಕದ ಬೆಂಚಿನಿಂದ ಸಿಸ್ಟರ್ ಪ್ಲಾಸಿಡಾ ಹೇಳಿದಳು. "ಜೂನ್ ಬಂತೆಂದರೆ ಒಲೆಯ ಮೇಲೆ ರೊಟ್ಟಿಯ ಅಚ್ಚು ಬಿಟ್ಟು ಓಡುತ್ತಿದ್ದರು. ಎರಡು ಕಬ್ಬಿಣದ ಬಿಲ್ಲೆಗಳ ನಡುವೆ ಹಿಟ್ಟು ಕರಟಿ ಹೋಗುತ್ತಿತ್ತು. ಬಂದವರೇ ಅವಸರದಲ್ಲಿ ಅಚ್ಚು ಎತ್ತಿ ಮಣಿಕಟ್ಟು ಸುಟ್ಟುಕೊಳ್ಳುತ್ತಿದ್ದರು. ಒಮ್ಮೆ ನಾನೇ ಕೇಳಿದೆ. ಶಾಲೆ ಇಲ್ಲ ಅಂತ ಒಂದು ಮಾತು ಹೇಳಿ ಗೇಟು ಹಾಕಬಾರದಾ, ಸೆಲಿನಮ್ಮಾ? ಅವರು ಅಂದರು, ಹೆಸರು ನೀವು ಇಟ್ಟೀರಿ. ಮಂದಿ ನಂಬಿ ಬರ್ತಾರ. ನಾ ಏನ ಮಾಡ್ಲಿ?"

ಸಿಸ್ಟರ್ ಬಾಯಲ್ಲಿ ಹುಬ್ಬಳ್ಳಿಯ ಮಾತು ಕೇಳಿ ರೂತ್ ಅಳುವಿನ ನಡುವೆ ನಕ್ಕಳು.

"ಆ ಸಂತಳು ಸಾಲಿ ಕಲಿಸಿದಾಕಿ ಏನ್ರಿ?" ಫಕೀರವ್ವ ಕೇಳಿದಳು.

"ಅಲ್ಲಮ್ಮ. ಅವಳೂ ಸಂನ್ಯಾಸಿನಿ, ಅವಳ ಅಣ್ಣನೂ ಸಂನ್ಯಾಸಿ. ವರ್ಷಕ್ಕೊಮ್ಮೆ ಮಾತ್ರ ಭೇಟಿ. ಕೊನೆಯ ಸಲ ಅವನು ಸಂಜೆ ಹೊರಟು ನಿಂತ. ಇವಳಿಗೆ ಇನ್ನೂ ಮಾತಿತ್ತು. ತಲೆ ಬಾಗಿಸಿ ಪ್ರಾರ್ಥಿಸಿದಳು. ಹೊರಗೆ ಕಾಲಿಡಲಾಗದ ಮಳೆ ಬಂತು. ಅಣ್ಣ ಕೂತ."

ಫಕೀರವ್ವ ಬಾಗಿಲಾಚೆ ಸುರಿಯುವುದನ್ನು ನೋಡಿ ತಲೆದೂಗಿದಳು. "ಹಂಗಾರ ಮಾತಿಗೆ ಕೂಡ್ರಿಸಿದಾಕಿ ಅನ್ರಿ."

ಮಳೆ ಇಳಿದಾಗ ನೋಯೆಲ್ ಪೆಟ್ಟಿಗೆಯ ತಲೆಕಡೆ ನಿಂತು ಸುತ್ತ ನೋಡಿದ. ಆಮೇಲೆ ದುರ್ಗೇಶನಿಗೆ ಹೇಳಿದ, "ನೀವು ಈ ಕಡಿ ಹಿಡೀರಿ."

*

ಸ್ಮಶಾನದಲ್ಲಿ ಮಣ್ಣು ಹಸಿಯಾಗಿತ್ತು. ಪಾಸ್ಟರ್ ಪ್ರಾರ್ಥನೆ ಹೇಳಿದರು. ಮನೆಯವರು, ಸಭೆಯವರು ಮೊದಲ ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದರು. ಕೆಲಗೇರಿಯವರು ದೂರದಲ್ಲಿ ಹುಣಸೆಮರದ ಕೆಳಗೆ ನಿಂತಿದ್ದರು. ಬರಬಹುದೋ ಇಲ್ಲವೋ ಎಂಬ ಸಂಕೋಚ.

"ಬರ್ರಿ," ಎಂದಳು ಈವ್ಲಿನ್. "ನೀವೂ ಹಾಕ್ರಿ."

ಅವರು ಬಂದರು. ಆದರೆ ಅಗೆದ ಮಣ್ಣಿನ ಅಂಚಿಗೆ ಬಂದೊಡನೆ ಮುಂದಿದ್ದ ಸೃಷ್ಟಿ ನಿಂತು, ಚಪ್ಪಲಿ ಬಿಟ್ಟಳು. ದುರ್ಗೇಶ ಬಗ್ಗಿ ತನ್ನ ಬೂಟಿನ ಲಾಡಿ ಬಿಚ್ಚಿದ. ಹೊಳೆವ್ವ ಬಿಟ್ಟಳು, ಫಕೀರವ್ವ ಮಗನ ಭುಜ ಹಿಡಿದು ಒಂದೊಂದೇ ಕಾಲು ಎತ್ತಿ ಬಿಟ್ಟಳು. ಯಾರೂ ಯಾರಿಗೂ ಹೇಳಲಿಲ್ಲ. ಒಬ್ಬೊಬ್ಬರಾಗಿ ಮಣ್ಣು ಹಾಕಿ, ಕೈ ಮುಗಿದು, ಕೆಸರಿನ ಕಾಲಲ್ಲೇ ಆಚೆ ಹೋಗಿ ನಿಂತರು.

ಈವ್ಲಿನ್ ಹಿಂದೆ ನೋಡಿದಳು. ಹಸಿ ಹುಲ್ಲಿನ ಮೇಲೆ ಹವಾಯಿ ಚಪ್ಪಲಿ, ಬೂಟು, ಸವೆದ ಮೆಟ್ಟು, ಕಾಲೇಜು ಹುಡುಗಿಯ ಬೆಲ್ಟಿನ ಚಪ್ಪಲಿ. ಒಂದರ ಪಕ್ಕ ಒಂದು, ಹಿಮ್ಮಡಿ ಸಮಾಧಿಯ ಕಡೆ, ತುದಿ ಹೊರಗೆ, ಒಂದೂ ಸಾಲು ತಪ್ಪದಂತೆ. ಅವಳ ಶಾಲೆಯಲ್ಲಿ ಸಣ್ಣ ತರಗತಿಗಳ ಬಾಗಿಲ ಹೊರಗೆ ಮಕ್ಕಳು ಬಿಡುವ, ಅವಳು ದಿನವೂ ದಾಟಿ ಹೋಗುವ ಸಾಲು ಅದು.