ಸೂತಕವಿಲ್ಲದ ಚೀಲ

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು, ಓದುಗರೇ? ನಾನು ಕನ್ನಡ ಸಾಲಿಯಲ್ಲಿ ಮಕ್ಕಳಿಗೆ ಪ್ರಬಂಧ ಕಲಿಸಿದವಳು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದವಳು. ಈಗ ಪೀಠಿಕೆಗೇ ಕೈ ನಡೆಯುತ್ತಿಲ್ಲ.

1

ಬಸ್ಸಿನಿಂದಲೇ ಶುರು ಮಾಡುತ್ತೇನೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಹುಬ್ಬಳ್ಳಿಯಿಂದ ಬಂದ ಬಸ್ಸು ಸಂಶಿಯ ಸ್ಟ್ಯಾಂಡಿನಲ್ಲಿ ನಿಂತಿತು. ಎಲ್ಲರೂ ಇಳಿದರು. ಕಿಟಕಿಗೆ ತಲೆ ಆನಿಸಿ ಕುಳಿತಿದ್ದ ದೇವಕ್ಕ ಇಳಿಯಲಿಲ್ಲ. ಕಂಡಕ್ಟರ್ ಬಂದು, “ಯವ್ವಾ, ಸಂಶಿ ಬಂತ್ರಿ, ಏಳ್ರಿ” ಎಂದ. ಇನ್ನೊಮ್ಮೆ ಎಂದ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವಳ ತೊಡೆಯ ಮೇಲೆ ಬಟ್ಟೆ ಅಂಗಡಿಯ ಚೀಲವಿತ್ತು. ಅದರ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

(ಇಲ್ಲಿ “ನಿದ್ದೆ ಹೋದವಳಂತೆ ಕಂಡಳು” ಎಂದು ಬರೆದಿದ್ದೆ. ಹೊಡೆದು ಹಾಕಿದೆ. ದೇವಕ್ಕ ಬಸ್ಸಿನಲ್ಲಿ ಎಂದೂ ನಿದ್ದೆ ಮಾಡಿದವಳಲ್ಲ. ಪಕ್ಕದವರನ್ನೂ ಮಾಡಗೊಟ್ಟವಳಲ್ಲ.)

ದೇವಕ್ಕ ನನ್ನ ತಂಗಿ. ಇದನ್ನು ಒಮ್ಮೆ ಹೇಳಿ ಬದಿಗಿಡುತ್ತೇನೆ. ಕಥೆ ನನ್ನದಲ್ಲ, ಅವಳ ನೆಗೆಣ್ಣಿ ನೀಲಕ್ಕನದು. ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ, ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ತಮ್ಮ, ದೇವಕ್ಕನ ಗಂಡ, ಹಿಂದೆಯೇ ತೀರಿದ. ಅಣ್ಣ ಶಂಭುಲಿಂಗಪ್ಪ ಇದ್ದಾನೆ. ಅವನು ನೀಲಕ್ಕನ ಗಂಡ, ಮನೆಯ ಯಜಮಾನ. ದೇವಕ್ಕನಿಗೆ ಒಬ್ಬಳೇ ಮಗಳು, ಶೈಲಾ.

2

ಈ ಭಾಗವನ್ನು ಹೀಗೆ ಬರೆದಿದ್ದೆ: ದೇವಕ್ಕ ಬಸ್ಸಿನಿಂದ ಇಳಿದಳು. ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಡ್ರೈವರನಿಗೆ ಬೈದಳು. ಮನೆಗೆ ಬಂದು ತಣ್ಣೀರು ಕುಡಿದು, ಚೀಲ ಬಿಚ್ಚಿ, ತಂದದ್ದನ್ನೆಲ್ಲ ಕಟ್ಟೆಯ ಮೇಲೆ ಹರವಿ ಓಣಿಯವರಿಗೆ ತೋರಿಸಿದಳು.

ಮೂರು ಪುಟ ಸರಸರ ಬಂತು. ಆಗ ನೀಲಕ್ಕ ನನ್ನ ಬರವಣಿಗೆಯೊಳಗಿಂದ ಎದ್ದು ಕೇಳಿದಳು:

“ಅಕ್ಕಾರ, ಚಲೋ ಬರದೀರಿ. ಆಕಿ ಬೈಗುಳ ಅಗದಿ ಆಕಿ ಬೈದಂಗ ಅದಾವು. ಆದ್ರ ಆಕಿ ಇಳದ್ರ, ಶೈಲಾ ಜೋಡಿ ಕಲಬುರ್ಗಿಗೆ ಆಕೀನ ಹೋಗ್ತಾಳ. ಈ ಕಥಿಗೆ ನಾ ಯಾಕ ಬೇಕು?”

“ಬೇಡವಾದರೆ ಬೇಡ. ಆಕೆ ಇರಲಿ.”

“ಹರೀರಿ ಅಕ್ಕಾರ.”

ಹರಿದೆ.

2, ಇನ್ನೊಮ್ಮೆ

ಶೈಲಾ ಸಾಲಿಯ ಶಿಕ್ಷಕಿಯ ಹುದ್ದೆಗೆ ಆಯ್ಕೆಯಾಗಿದ್ದಳು. ಯಾವ ಊರಿನ ಸಾಲಿ ಬೇಕೆಂದು ಆರಿಸಿಕೊಳ್ಳಲು ಕಲಬುರ್ಗಿಗೆ ಖುದ್ದಾಗಿ ಹೋಗಬೇಕು. ಕೌನ್ಸೆಲಿಂಗ್ ಅನ್ನುತ್ತಾರೆ. ಹೆಸರು ಕರೆದಾಗ ಇಲ್ಲದವರ ಪಾಳಿ ಹೋಯಿತೆಂದೇ ಲೆಕ್ಕ. ತಾಯಿ ಮಗಳು ಕೂಡಿ ಹೋಗುವವರಿದ್ದರು. ಆ ಊರಿನ ಬಿಸಿಲಿಗೆ ತಕ್ಕ ಬಟ್ಟೆ ತರಲೆಂದೇ ದೇವಕ್ಕ ಹುಬ್ಬಳ್ಳಿಗೆ ಹೋಗಿದ್ದಳು.

ದೇವಕ್ಕನ ಕುಣಿಗೆ ಹಾಲು-ತುಪ್ಪ ಎರೆದು ಮುಗಿದ ದಿನ ಸಂಜೆ ನೀಲಕ್ಕ ಗಂಡನ ಮುಂದೆ ನಿಂತಳು.

“ನಾಡಿದ್ದು ಹುಡುಗೀದು ಕಲಬುರ್ಗ್ಯಾಗ ಐತ್ರಿ. ನಾಳೆ ನಾನು ಆಕಿ ಹೊಂಡತೀವಿ.”

ಅಡಿಕೆ ಕತ್ತರಿಸುತ್ತಿದ್ದ ಶಂಭುಲಿಂಗಪ್ಪ ಅಡಕೊತ್ತು ಕೆಳಗಿಟ್ಟ. “ತಲಿ ನೆಟ್ಟಗ ಐತಿಲ್ಲೋ? ಮನ್ಯಾಗ ಸೂತಕ ಐತಿ. ದಿವಸದ ಕಾರ್ಯ ಆಗೂತನಕ ಹುಡುಗಿ ಊರ ದಾಟಬಾರದು.”

“ಯಾವ ಸೂತಕರಿ?”

“ಸಾವಿನ ಸೂತಕ.”

“ನಿಮ್ಮ ಕೊಳ್ಳಾಗ ಏನೈತಿ?”

ಅವನ ಕೈ ತಾನಾಗಿ ಎದೆಗೆ ಹೋಯಿತು. “ಲಿಂಗ.”

“ಲಿಂಗ ಕಟ್ಟಿಕೊಂಡವರಿಗೆ ಸೂತಕ ಇಲ್ಲಂತ ಶ್ರಾವಣದಾಗ ಮಠದಾಗ ಮೈಕ್ ಹಿಡದು ಹೇಳಿದವರು ಯಾರು? ನಾನೂ ದೇವಕ್ಕನೂ ಕಂಬದ ಬಾಜುಕ ಕುಂತು ಕೇಳೀವಿ.”

“ಅದು ತತ್ವ. ಇದು ರೂಢಿ.”

“ಹಂಗಾರ ಒಂದು ಮಾತು ಹೇಳ್ರಿ. ಇವತ್ತ ಮುಂಜಾನೆ ಮಠದ ಅಯ್ಯನವರು ನಮ್ಮ ಮನ್ಯಾಗ ಪಾದಪೂಜಿ ಮಾಡಿಸಿಕೊಂಡ್ರು. ಪಂಕ್ತ್ಯಾಗ ಕುಂತು ಉಂಡ್ರು. ಇನ್ನೊಂದು ಸವಟು ಸಾರು ಕೇಳಿ ಹಾಕಿಸಿಕೊಂಡ್ರು. ನೀಡಿದಾಕಿ ನಾನು. ಸೂತಕದ ಮನ್ಯಾಗ ಅಯ್ಯನವರು ಉಂತಾರೇನ್ರಿ?”

ಶಂಭುಲಿಂಗಪ್ಪ ಅಡಕೊತ್ತು ಮತ್ತೆ ಕೈಗೆತ್ತಿಕೊಂಡ.

“ಅಯ್ಯನವರು ಉಣ್ಣಾಕ ಇಲ್ಲದ ಸೂತಕ, ಹುಡುಗಿ ಬಸ್ ಹತ್ತಾಕ ಎಲ್ಲಿಂದ ಬಂತು?”

(ನಾನು ಭಕ್ತಿಯಿಂದ ಬದುಕಿದವಳು. ಅಯ್ಯನವರ ಸಾರನ್ನು ಎಣಿಸುವುದು ನನಗೆ ಸರಿ ಕಾಣಲಿಲ್ಲ. ಆ ಸಾಲನ್ನು ತೆಗೆಯುತ್ತೇನೆ ಎಂದೆ. “ಅದನ್ನ ತಗದ್ರ ನಾನೂ ಕಥಿಯಾಗಿಂದ ಎದ್ದು ಹೊಕ್ಕೀನಿ” ಎಂದಳು ನೀಲಕ್ಕ. ಸಾಲು ಉಳಿದಿದೆ. ಶಿವನ ಪ್ರಸಾದವನ್ನು ಹಸಿದವರು ಎರಡು ಸಲ ಕೇಳಿದರೆ ತಪ್ಪಿಲ್ಲ ಎಂದು ಸಮಾಧಾನ ಮಾಡಿಕೊಂಡೆ.)

ಒಂದು ಅಡಿಕೆ ಕತ್ತರಿಸಿ ಮುಗಿಸಿ ಶಂಭುಲಿಂಗಪ್ಪ ಹೇಳಿದ: “ಹೋಗ್ರಿ. ಆದ್ರ ತಾಯಿ ಕುಣಿ ಮಣ್ಣ ಇನ್ನೂ ಆರಿಲ್ಲ. ಹುಡುಗಿ ಹೊಸ ಅರಿವಿ ಉಡಬಾರದು. ಹಳೇ ಬಿಳಿ ಸೀರಿ ಉಟ್ಟು, ತಲಿಮ್ಯಾಲ ಸೆರಗು ಹೊತ್ತು ಹೋಗ್ಲಿ. ಹೆಣದ ಜೋಡಿ ಬಂದ ಆ ಚೀಲ ಹಿತ್ತಲದಾಗ ಐತಿ. ಅದನ್ನ ಒಳಗ ತರಬ್ಯಾಡ.”

ನೀಲಕ್ಕ ಹಿತ್ತಲಿಗೆ ಹೋದಳು. ಚೀಲವನ್ನು ಒಳಗೆ ತಂದಳು.

4

(ಮೂರನೆಯ ಭಾಗದಲ್ಲಿ ನೀಲಕ್ಕ ಕಣ್ಣೀರು ಸುರಿಸುತ್ತ ಚೀಲ ಬಿಚ್ಚುತ್ತಿದ್ದಳು. “ನಾ ಅಳಲಿಲ್ಲರಿ ಅಕ್ಕಾರ. ಅತ್ತವರು ನೀವು” ಎಂದಳು. ಭಾಗವನ್ನೇ ಬಿಟ್ಟೆ.)

ಚೀಲದಲ್ಲಿ ಇದ್ದದ್ದು: ತುಂಬುತೋಳಿನ ಹತ್ತಿಯ ಚೂಡಿದಾರ, ಗಿಣಿಹಸಿರು ಬಣ್ಣದ್ದು, ತೆಳ್ಳನೆಯ ದುಪಟ್ಟಾ, ಮಡಚುವ ಕೊಡೆ, ಗ್ಲುಕೋಸ್ ಪುಡಿ. ಚೂಡಿದಾರವನ್ನು ಮೈಗೆ ಹಿಡಿದು ನೋಡದೆ ಶೈಲಾ ಅದನ್ನು ಮಡಚಿದಂತೆಯೇ ಇಟ್ಟಳು.

“ದೊಡ್ಡವ್ವಾ, ಬ್ಯಾಡ ಬಿಡು. ಬಿಳಿ ಸೀರಿನ ಉಡ್ತೀನಿ. ಮಂದಿ ಅಂತಾರ.”

“ಮಂದಿ ಕಲಬುರ್ಗಿ ಬಿಸಿಲಾಗ ನಿನ್ನ ಬದಲಿ ನಿಂದರತಾರೇನು? ನೈಲಾನ್ ಮಿಕ್ಸ್ ಸೀರಿ ಅದು. ಬೆವತು ಮೈಗಂಟಿ ಎಲ್ಲಾ ಕಾಣತೈತಿ. ಮರ್ಯಾದಿ ಅಂದ್ರ ಅದೇನು?”

ಹುಡುಗಿ ಮಾತು ತಪ್ಪಿಸಲು ಮೊಬೈಲ್ ತೆಗೆದಳು. “ಇದರಾಗ ಬರದಾರ ನೋಡು. ಬಿಸಿಲಿನ ಊರು, ಮೈತುಂಬ ಉಡೂ ಊರು, ಅಲ್ಲಿಗೆ ಹೆಂಗಸರು ಏನೇನು ಒಯ್ಯಬೇಕಂತ. ಲಿನನ್ ಪ್ಯಾಂಟು. ಸನ್‌ಸ್ಕ್ರೀನ್. ಸ್ಕಾರ್ಫ್.”

“ಸ್ಕಾರ್ಫ್ ಅಂದ್ರ?”

“ಹೆಗಲು, ತಲಿ ಮುಚ್ಚಿಕೊಳ್ಳೂದು.”

“ಅದನ್ನ ನಾವು ಸೀರಿ ಜೋಡಿ ಸೆರಗಂತ ಪುಕ್ಕಟ ತಗೋತೀವಿ. ಮುಂದ ಓದು.”

“ಬಿಗಿ ಇಲ್ಲದ್ದು, ತೆಳ್ಳಂದು, ತೋಳು ಮುಚ್ಚೂದು, ಹತ್ತಿದು.”

ನೀಲಕ್ಕ ಹಸಿರು ಚೂಡಿದಾರವನ್ನು ಅವಳ ಮುಂದೆ ಎತ್ತಿ ಹಿಡಿದಳು. “ನಿಮ್ಮವ್ವ ಮೊಬೈಲ್ ಓದಿದ್ದಿಲ್ಲ. ಇದನ್ನ ತಂದಳು.”

ಶೈಲಾ ಆಗ ಅತ್ತಳು. ಎಲ್ಲರ ಮುಂದೆ ಕಲ್ಲಿನಂತೆ ಕುಳಿತಿದ್ದ ಹುಡುಗಿ ಚೂಡಿದಾರದಲ್ಲಿ ಮುಖ ಹುದುಗಿಸಿದಳು. ನೀಲಕ್ಕ ಅವಳ ಬೆನ್ನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಚೀಲ ತುಂಬುತ್ತಲೇ ಇದ್ದಳು.

5

ನಾನೂ ಸ್ವಲ್ಪ ಸಹಾಯ ಮಾಡೋಣವೆಂದು ಹೀಗೆ ಬರೆದೆ: ‘ನೀಲಕ್ಕ ತನ್ನದೊಂದು ಬಿಳಿ ಸೀರೆಯನ್ನು ಚೀಲದ ತಳದಲ್ಲಿ ಮಡಚಿ ಇಟ್ಟಳು, ಬೇಕಾದರೆ ಇರಲಿ ಎಂದು.’

ನೀಲಕ್ಕ ಅದನ್ನು ತೆಗೆದು ಹೊರಗೆ ಒಗೆದಳು.

“ಇದನ್ನ ಯಾರು ಇಟ್ಟವರು?”

“ನಾನು. ಊರವರ ಬಾಯಿಗೆ ಒಂದು ತುತ್ತು ಹಾಕಿದ ಹಾಗಾಗುತ್ತದೆ. ನಿನ್ನ ಗಂಡನ ಮಾತೂ ಉಳಿಯುತ್ತದೆ.”

“ಅಕ್ಕಾರ, ನೀವು ಕಥಿ ಬರೀರಿ. ಚೀಲ ನಾ ತುಂಬತೀನಿ.”

“ನೀನು ನನ್ನ ಪಾತ್ರ. ನಾನು ಹೇಳಿದ್ದನ್ನು ಒಯ್ಯಬೇಕು.”

“ಚೀಲ ಹೊರೂವರು ನೀವೇನು?”

ಓದುಗರೇ, ನಿಜ ಹೇಳಿ. ಕಲಬುರ್ಗಿಯ ಬಿಸಿಲಲ್ಲಿ ಚೀಲ ಹೊರುವುದು ಅವಳೇ. ನಾನು ಫ್ಯಾನಿನ ಕೆಳಗೆ ಕುಳಿತಿದ್ದೇನೆ. ಅವಳು ಒಯ್ದದ್ದನ್ನು ಒಯ್ದಂತೆ ಬರೆಯುತ್ತೇನೆ, ಕೇಳಿ.

ಸೀರೆಯೊಳಗೆ ಉಡುವ ಹತ್ತಿಯ ಪರಕಾರ, ತನಗೆ. ಲಾಡಿ ಸಡಿಲಿದ್ದದ್ದು. ತೊಡೆ ತಿಕ್ಕಿ ಉರಿಯದಂತೆ ಪೌಡರು. (ಇದನ್ನು ಬರೆಯಬೇಕೇ ಎಂದು ಹಿಂಜರಿದೆ. “ಗಂಡಸರಿಗೂ ತೊಡಿ ಅದಾವು, ಬರೀರಿ” ಎಂದಳು.) ಒದ್ದೆ ಮಾಡಿ ಕೊರಳಿಗೆ ಸುತ್ತಿಕೊಳ್ಳಲು ಹಳೆಯ ಧೋತರದ ತುಂಡು. ಬಿಸಿಲು ಬಡಿಯದಿರಲೆಂದು ಉಳ್ಳಾಗಡ್ಡಿ. ಕಟಕ ರೊಟ್ಟಿ, ಶೇಂಗಾ ಹಿಂಡಿ. ವಿಭೂತಿ ಗಟ್ಟಿ. ಕಾಗದಪತ್ರಗಳು ಪ್ಲಾಸ್ಟಿಕ್ ಹಾಳೆಯಲ್ಲಿ. ದೇವಕ್ಕ ತಂದದ್ದೆಲ್ಲ. ಎಲ್ಲಕ್ಕಿಂತ ಮೇಲೆ, ಕೈಗೆ ಸಿಗುವ ಹಾಗೆ, ಶೈಲಾಳ ಪ್ಯಾಡಿನ ಪ್ಯಾಕೆಟ್.

ಅದೇ ಹೊತ್ತಿಗೆ ಶಂಭುಲಿಂಗಪ್ಪ ಬಾಗಿಲಿಗೆ ಬಂದ. ಬೈಯಲೆಂದೇ ಬಂದವನ ಕಣ್ಣು ಆ ಪ್ಯಾಕೆಟ್ಟಿನ ಮೇಲೆ ಬಿತ್ತು. ತಟ್ಟನೆ ತಲೆ ಎತ್ತಿ ಮಾಳಿಗೆಯ ಜಂತಿಯ ಕಡೆ ನೋಡಿದ.

“ಏನರೀ?” ನೀಲಕ್ಕ ಕೇಳಿದಳು. “ಇದಕ್ಕೂ ಒಂದು ಸೂತಕ ಹೇಳೂವರೇನು?”

“ನಾ ಏನೂ ಅಂದಿಲ್ಲ.”

“ಚಲೋ ಮಾಡಿದ್ರಿ.”

ಅವನು ಜಂತಿಗೇ ಹೇಳಿದ: “ಆ ಹಸಿರು ಅರಿವಿ ಉಟಗೊಂಡು ನನ್ನ ಕಣ್ಣ ಮುಂದ ಹೋಗಬ್ಯಾಡ್ರಿ. ಅಷ್ಟ.”

“ಕಣ್ಣ ನಿಮ್ಮವು. ಬೇಕಾರ ಮುಚ್ಚಿಕೊಳ್ರಿ.”

ಅವನಿಗೆ ದುಃಖ ಇಲ್ಲವೆಂದು ತಿಳಿಯಬೇಡಿ. ತಮ್ಮ ಹೋದ ಮೇಲೆ ಹೊಲದ ಪ್ರತಿ ಮಾತನ್ನೂ ದೇವಕ್ಕನನ್ನು ಕೇಳಿಯೇ ಮಾಡುತ್ತಿದ್ದ. ಆದರೆ ಅವನ ದುಃಖಕ್ಕೆ ಕುಳಿತುಕೊಳ್ಳಲು ರೂಢಿಯ ಕಟ್ಟೆ ಬೇಕು. ನೀಲಕ್ಕನದು ನಿಂತುಕೊಂಡೇ ಇತ್ತು.

6

ಮರುದಿನ ಮುಂಜಾನೆ ನೀಲಕ್ಕ ಮುಂದೆ, ಶೈಲಾ ಹಿಂದೆ, ಓಣಿಯಲ್ಲಿ ಹೊರಟರು. ಗಿಣಿಹಸಿರು ದೂರದಿಂದಲೇ ಕಾಣುತ್ತಿತ್ತು. ಹುಡುಗಿ ಗೋಡೆಯ ಪಕ್ಕ ಸರಿದು ನಡೆಯತೊಡಗಿದಳು.

“ನಡುವ ನಡಿ ಬೇ,” ಎಂದಳು ನೀಲಕ್ಕ.

ಹನುಮಪ್ಪನ ಗುಡಿಯ ಕಟ್ಟೆಯಿಂದ ಒಬ್ಬ ಕೂಗಿದ: “ಏನ್ ನೀಲಕ್ಕಾ, ಹಸಿರು ಉಡಿಸಿಕೊಂಡು ಹೊಂಟಿ, ಯಾರ ಮದಿವಿಗೆ?”

“ನಿಂದು ಐತೆಲ್ಲೋ ಮಾರಾಯಾ! ಇನ್ನೂ ಮಾರಿ ತೊಳಕೊಂಡಿಲ್ಲ?”

ಕಟ್ಟೆ ನಕ್ಕಿತು. ನಗದವರೂ ಇದ್ದರು. “ತಾಯಿ ಸತ್ತು ಇನ್ನೂ…” ಎಂದು ಒಬ್ಬಳು ಬಾಗಿಲೊಳಗಿಂದ ಶುರು ಮಾಡಿದಳು. ಶೈಲಾ ನಿಂತಳು. ಆ ಕಡೆ ತಿರುಗಿ, ಮೊದಲ ಸಲ ತಾನೇ ಮಾತಾಡಿದಳು: “ನಮ್ಮವ್ವ ಆರಿಸಿ ತಂದದ್ದು ಇದು, ಕಾಕಿ. ಹೆಂಗೈತಿ?”

ಬಾಗಿಲೊಳಗಿನವಳು ಹೊಸ್ತಿಲಿಗೆ ಬಂದು ನೋಡಿ, “ತೋಳು ಒಂಚೂರು ಉದ್ದ ಆಗೇತಿ,” ಎಂದಳು.

“ಬಿಸಿಲಿಗೆ ಬೇಕಲ್ರಿ,” ಎಂದು ಶೈಲಾ ನಡುರಸ್ತೆಯಲ್ಲಿ ನಡೆದಳು.

ಬಸ್ಸು ಬಂತು. ಇಬ್ಬರೂ ಹತ್ತಿದರು.

7

ಇಲ್ಲಿ ನನಗೆ ಉಪಸಂಹಾರ ಬರೆಯಬೇಕಾಗಿದೆ. ಮೂರು ಬರೆದೆ.

ಮೊದಲನೆಯದರಲ್ಲಿ ಶಂಭುಲಿಂಗಪ್ಪ ಸ್ಟ್ಯಾಂಡಿಗೆ ಓಡಿ ಬಂದು ಕಿಟಕಿಯಲ್ಲಿ ನೀರಿನ ಬಾಟಲಿ ಕೊಡುತ್ತಾನೆ. ಕಣ್ಣು ಒದ್ದೆ. “ಅವರು ಮನಿಯಾಗ ಚಾ ಕುಡಕೋತ ಕುಂತಿದ್ರು ಅಕ್ಕಾರ, ಸುಳ್ಳ ಬರೀಬ್ಯಾಡ್ರಿ” ಎಂದಳು ನೀಲಕ್ಕ. ಹೋಯಿತು.

ಎರಡನೆಯದರಲ್ಲಿ ಕಲಬುರ್ಗಿಯಲ್ಲಿ ಶೈಲಾಳ ಹೆಸರು ಕರೆಯುತ್ತಾರೆ. ಅವಳು ಎದ್ದು ಹೋಗಿ, ಬೇಕಾದ ಊರಿನ ಸಾಲಿ ಆರಿಸಿಕೊಂಡು, ನಗುತ್ತ ಹೊರಗೆ ಬರುತ್ತಾಳೆ.

ಮೂರನೆಯದರಲ್ಲಿ ದಾರಿಯಲ್ಲಿ ಬಸ್ಸು ಕೆಡುತ್ತದೆ. ಪಾಳಿ ಹೋಗುತ್ತದೆ.

ನಿಮಗೆ ಯಾವುದು ಬೇಕು ಎಂದು ನನಗೆ ಗೊತ್ತು. ಸಾಲಿ ಸಿಕ್ಕಿತು ಎಂದರೆ, “ಸಿಕ್ಕಿತಲ್ಲ, ಅದಕ್ಕೇ ಹೋದದ್ದು ಸರಿಯಾಯಿತು” ಅನ್ನುತ್ತೀರಿ. ಸಿಗಲಿಲ್ಲ ಎಂದರೆ, ಕಟ್ಟೆಯ ಮೇಲಿನವರು “ಸೂತಕದಾಗ ಹೊಂಟ್ರ ಮತ್ತೇನಾಗತೈತಿ” ಅನ್ನುತ್ತಾರೆ. ಎರಡೂ ಮಾತಿಗೆ ನಾನು ಈ ಕಾಗದದಲ್ಲಿ ಜಾಗ ಕೊಡುವುದಿಲ್ಲ. ಅವರು ಹೋದದ್ದು ಹೋದಾಗಲೇ ಸರಿಯಾಗಿತ್ತು. ಫಲಿತಾಂಶ ಬೇಕಾದವರು ಸಂಶಿಗೆ ಬಂದು ನೀಲಕ್ಕನನ್ನೇ ಕೇಳಿ. ಬೈಸಿಕೊಳ್ಳುವ ತಯಾರಿಯಿಂದ ಬನ್ನಿ.

ಹಾಗಾದರೆ ಕಥೆ ಎಲ್ಲಿ ನಿಲ್ಲಬೇಕು? ಸಾಲಿಯಲ್ಲಿ ಕಲಿಸಿದಂತೆ ಕೆಳಗೆ ಗೆರೆ ಎಳೆಯಲು ಹೋದೆ. ಎಳೆಯಲಿಲ್ಲ. ಕೈಯಲ್ಲಿ ಲಿಂಗ ಹಿಡಿದು ಕುಳಿತಿದ್ದೇನೆ. ಇಷ್ಟು ದಿನ ಬೇಡಿಕೊಳ್ಳಲು ಬಾಯಿ ಬರಲಿಲ್ಲ, ಈಗ ಬಂದಿದೆ.

ಶಿವನೇ, ನನ್ನ ತಂಗಿ ದೇವಕ್ಕ ನಿನ್ನೊಳಗೆ ಬಂದಿದ್ದಾಳೆ. ಅವಳಿಗೆ ಶಾಂತಿ ಕೊಡು. ಆದರೆ ಅವಳನ್ನು ಸುಮ್ಮನೆ ಒಂದು ಕಡೆ ಕೂಡಿಸಬೇಡ, ಖಾಲಿ ಕುಳಿತರೆ ಅವಳಿಗೆ ಸಮಾಧಾನ ಇರುವುದಿಲ್ಲ. ಏನಾದರೂ ಕೆಲಸ ಹಚ್ಚು. ನಿನ್ನ ಮನೆಯಲ್ಲಿಯೂ ತತ್ವ ಒಂದು, ರೂಢಿ ಒಂದು ಇದ್ದರೆ ಅವಳು ಕೇಳಿಯೇ ಕೇಳುತ್ತಾಳೆ; ಸಿಟ್ಟಾಗಬೇಡ, ಉತ್ತರ ಕೊಡು ತಂದೆ